ಪಂಪ್ ಕಂಟ್ರೋಲರ್ ಬೋರ್ಡ್: 3ನೇ ಆವೃತ್ತಿಯಲ್ಲಿ ನಾಯ್ಸ್ ಇಳಿಸಿದ್ದು

ಬೋರ್ಡಿನ ಕೆಲಸ ಇಷ್ಟೇ: ಎಲ್‌ಎಂ35 ಸೆನ್ಸರ್‌ನಿಂದ ಉಷ್ಣಾಂಶ ಓದಿ, ಮಿತಿ ದಾಟಿದರೆ ರಿಲೇ ಮೂಲಕ 12 ವೋಲ್ಟ್ ಪಂಪ್ ಓಡಿಸಬೇಕು. 32 ಕಾಲಿನ ಎಸ್‌ಎಂಡಿ (ಬೋರ್ಡಿನ ಮೇಲ್ಮೈಗೇ ಬೆಸೆಯುವ) ಎಟಿಮೆಗಾ328ಪಿ ಮೈಕ್ರೋಕಂಟ್ರೋಲರ್ ಚಿಪ್, 16 ಮೆಗಾಹರ್ಟ್ಸ್ ಕ್ರಿಸ್ಟಲ್, 5 ವೋಲ್ಟಿಗೆ ಇಳಿಸಲು ಎಲ್‌ಎಂ2596, ಎರಡು ಲೇಯರ್ ಬೋರ್ಡ್.

1ನೇ ಆವೃತ್ತಿಯಲ್ಲಿ ಪಂಪ್ ನಿಂತಿದ್ದಾಗಲೂ ಎಡಿಸಿ (ಚಿಪ್‌ನಲ್ಲಿ ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಓದು 8 ಹೆಜ್ಜೆಯಷ್ಟು ಅಲುಗುತ್ತಿತ್ತು. 5 ವೋಲ್ಟ್ ರೆಫರೆನ್ಸ್‌ನಲ್ಲಿ (ಅಳೆಯಲು ಹೋಲಿಸುವ ವೋಲ್ಟೇಜ್) 10 ಬಿಟ್ ಎಡಿಸಿಯ ಒಂದು ಹೆಜ್ಜೆ 4.88 ಮಿಲಿವೋಲ್ಟ್. ಎಲ್‌ಎಂ35 ಕೊಡುವುದು ಡಿಗ್ರಿಗೆ 10 ಮಿಲಿವೋಲ್ಟ್. ಅಂದರೆ ಸುಮಾರು 4 ಡಿಗ್ರಿ ಏರುಪೇರು; ಈ ಬೇಡದ ಅಲುಗಾಟವೇ ನಾಯ್ಸ್. ಸಾಲದ್ದಕ್ಕೆ ರಿಲೇ ಬಿಟ್ಟಾಗಲೆಲ್ಲ ಚಿಪ್ ರೀಸೆಟ್.

ಮೊದಲ ತಪ್ಪು, ಚಿಪ್‌ಗೆ ಥಟ್ಟನೆ ಬೇಕಾದ ಕರೆಂಟ್ ಒದಗಿಸುವ ಕೆಪಾಸಿಟರ್ ಇಟ್ಟ ಜಾಗ. 100 ನ್ಯಾನೋಫ್ಯಾರಡ್ ಇತ್ತು, ಆದರೆ ಚಿಪ್‌ನಿಂದ 20 ಮಿಲಿಮೀಟರ್ ದೂರದಲ್ಲಿ. ಟ್ರೇಸಿಗೆ (ಬೋರ್ಡಿನ ತಾಮ್ರದ ಗೆರೆ) ಮಿಲಿಮೀಟರಿಗೆ ಸುಮಾರು 1 ನ್ಯಾನೋಹೆನ್ರಿ ಲೆಕ್ಕ ಹಿಡಿದರೆ 20 ನ್ಯಾನೋಹೆನ್ರಿ ಆಯಿತು. 5 ನ್ಯಾನೋಸೆಕೆಂಡಿನಲ್ಲಿ 50 ಮಿಲಿಆಂಪ್ ಏರಿದರೆ ಅದರ ಮೇಲೆ 0.2 ವೋಲ್ಟ್ ಬೀಳುತ್ತದೆ. ಈಗ 4 ಮತ್ತು 6ನೇ ಕಾಲಿನ ವಿಸಿಸಿ (ಚಿಪ್‌ಗೆ ಪವರ್ ಬರುವ ಕಾಲು) ಎರಡಕ್ಕೂ ಒಂದೊಂದು 0603 ಗಾತ್ರದ ಎಕ್ಸ್7ಆರ್ ಸೆರಾಮಿಕ್ ಕೆಪಾಸಿಟರ್, 2 ಮಿಲಿಮೀಟರ್ ಒಳಗೆ. ಕೆಪಾಸಿಟರಿನ ಗ್ರೌಂಡ್ ಪ್ಯಾಡಿಗೆ ತಗುಲಿಕೊಂಡೇ ವಯಾ (ಕೆಳಗಿನ ಲೇಯರಿಗೆ ಇಳಿಯುವ ರಂಧ್ರ). ಅದನ್ನು ದೂರ ಎಳೆದರೆ ಗಳಿಸಿದ್ದೆಲ್ಲ ಹೋಯಿತು.

2ನೇ ಆವೃತ್ತಿಯಲ್ಲಿ ಅನಲಾಗ್ ಗ್ರೌಂಡ್, ಡಿಜಿಟಲ್ ಗ್ರೌಂಡ್ ಎಂದು ತಾಮ್ರವನ್ನು ಸೀಳಿ, ಪವರ್ ಬರುವಲ್ಲಿ ಒಂದೇ ಕಡೆ ಜೋಡಿಸಲಾಗಿತ್ತು. ಬಹಳ ಜನ ಕೊಡುವ ಸಲಹೆ ಇದು, ಆದರೆ ಇಲ್ಲಿ ನಾಯ್ಸ್ ಹೆಚ್ಚಿತು. ಡಿಸ್‌ಪ್ಲೇಗೆ ಹೋಗುವ ಎಸ್‌ಪಿಐ (ಡೇಟಾ ಕಳಿಸುವ ಸಂಪರ್ಕ) ಕ್ಲಾಕ್ ಟ್ರೇಸ್ ಆ ಸೀಳನ್ನು ದಾಟುತ್ತಿತ್ತು. ವೇಗದ ಸಿಗ್ನಲ್‌ನ ಕರೆಂಟ್ ಟ್ರೇಸಿನ ನೇರ ಕೆಳಗೇ ಮರಳಲು ನೋಡುತ್ತದೆ, ಇಂಡಕ್ಟೆನ್ಸ್ ಅಲ್ಲೇ ಅತಿ ಕಡಿಮೆ. ಕೆಳಗೆ ತಾಮ್ರವೇ ಇಲ್ಲದಿದ್ದರೆ ಸೀಳಿನ ತುದಿಯವರೆಗೆ ಸುತ್ತಿಕೊಂಡು ಬರಬೇಕು. ಲೂಪ್ ದೊಡ್ಡದಾಯಿತು, ಆ ಸುತ್ತುದಾರಿ ಸೆನ್ಸರಿನ ಗ್ರೌಂಡ್ ಮೇಲೇ ಹಾದುಹೋಯಿತು. 3ನೇ ಆವೃತ್ತಿಯಲ್ಲಿ ಕೆಳಗಿನ ಲೇಯರ್ ಪೂರ್ತಿ ಒಂದೇ ಗ್ರೌಂಡ್, ಒಂದು ಟ್ರೇಸೂ ಅದನ್ನು ಕೊಯ್ಯುವುದಿಲ್ಲ. ಬೇರ್ಪಡಿಸಿದ್ದು ತಾಮ್ರವನ್ನಲ್ಲ, ಭಾಗಗಳನ್ನು: ಸೆನ್ಸರ್ ಒಂದು ಮೂಲೆ, ರಿಲೇ ಮತ್ತು ಎಲ್‌ಎಂ2596 ಎದುರು ಮೂಲೆ, ಚಿಪ್ ನಡುವೆ. ಅತಿ ಹೆಚ್ಚು ವ್ಯತ್ಯಾಸ ತಂದದ್ದು ಇದೊಂದೇ ಬದಲಾವಣೆ. ಕ್ಲಾಕ್ ಟ್ರೇಸಿಗೆ ಚಿಪ್ ಕಡೆ 33 ಓಮ್ ಸರಣಿಯಲ್ಲಿದೆ, ಸಿಗ್ನಲ್ ಏರುವ ಚೂಪು ತಗ್ಗಲಿ ಎಂದು.

18ನೇ ಕಾಲಿನ ಎವಿಸಿಸಿಗೆ (ಅನಲಾಗ್ ಭಾಗದ ಪವರ್) ಡೇಟಾಶೀಟ್ ಹೇಳಿದಂತೆ 10 ಮೈಕ್ರೋಹೆನ್ರಿ ಮತ್ತು 100 ನ್ಯಾನೋಫ್ಯಾರಡ್. 20ನೇ ಕಾಲಿನ ಎರೆಫ್‌ಗೂ (ಎಡಿಸಿಯ ರೆಫರೆನ್ಸ್) 100 ನ್ಯಾನೋಫ್ಯಾರಡ್. ಎಲ್‌ಎಂ35 ಔಟ್‌ಪುಟ್‌ಗೆ ನೇರವಾಗಿ ಕೆಪಾಸಿಟರ್ ಹಾಕಬಾರದು, ಆಂದೋಲನ ಶುರುವಾಗಬಹುದು. ಮೊದಲು 2 ಕಿಲೋಓಮ್, ಆಮೇಲೆ ಎಡಿಸಿ ಕಾಲಿನ ಬಳಿ 100 ನ್ಯಾನೋಫ್ಯಾರಡ್. ಇದು ಸುಮಾರು 800 ಹರ್ಟ್ಸ್ ಮೇಲಿನದನ್ನು ತಗ್ಗಿಸುತ್ತದೆ.

ಎಲ್‌ಎಂ2596 ಸ್ವಿಚ್ ಆಗುತ್ತಾ ಕೆಲಸ ಮಾಡುವುದು 150 ಕಿಲೋಹರ್ಟ್ಸ್‌ನಲ್ಲಿ. ಇನ್‌ಪುಟ್ ಕೆಪಾಸಿಟರ್, ಐಸಿ ಮತ್ತು ಎಸ್‌ಎಸ್34 ಡಯೋಡ್ ಮೂರೂ ಒತ್ತೊತ್ತಾಗಿರಲಿ: ಕರೆಂಟ್ ಥಟ್ಟನೆ ಹತ್ತಿ ಇಳಿಯುವ ಲೂಪ್ ಅದು. ಔಟ್‌ಪುಟ್ ವೋಲ್ಟೇಜನ್ನು ಐಸಿಗೆ ತಿಳಿಸುವ ಫೀಡ್‌ಬ್ಯಾಕ್ ಟ್ರೇಸ್ ಇಂಡಕ್ಟರಿನ ಕೆಳಗೆ ಹೋಗಬಾರದು.

ರೀಸೆಟ್ ಸಮಸ್ಯೆಗೆ ರಿಲೇ ಕಾಯಿಲಿನ ಕಾಲುಗಳಿಗೇ 1ಎನ್4007 ಡಯೋಡ್ ಅಡ್ಡ, ಪಂಪ್ ಮೋಟಾರಿನ ಟರ್ಮಿನಲ್‌ಗಳ ಮೇಲೆ 100 ನ್ಯಾನೋಫ್ಯಾರಡ್, ಅದರ ವಯರುಗಳನ್ನು ಹೆಣೆದುಕೊಂಡೇ ಎಳೆಯಬೇಕು. ರೀಸೆಟ್ ಕಾಲಿಗೆ 10 ಕಿಲೋಓಮ್ ಪುಲ್‌ಅಪ್ (ಕಾಲನ್ನು 5 ವೋಲ್ಟಿಗೆ ಎಳೆದಿಡುವ ರೆಸಿಸ್ಟರ್).

ಅಳೆಯುವಾಗ ಒಂದು ಎಚ್ಚರ. ಆಸಿಲೋಸ್ಕೋಪ್ ಪ್ರೋಬಿನ ಮೊಸಳೆ ಕ್ಲಿಪ್ ಇರುವ ಉದ್ದನೆಯ ಗ್ರೌಂಡ್ ವಯರ್ ತಾನೇ ಆಂಟೆನಾ ಆಗಿ ಬೋರ್ಡಿನಲ್ಲಿಲ್ಲದ ನಾಯ್ಸ್ ತೋರಿಸುತ್ತದೆ. ಪ್ರೋಬ್ ತುದಿಗೆ ಗ್ರೌಂಡ್ ಸ್ಪ್ರಿಂಗ್ ಹಾಕಿ, ಕೆಪಾಸಿಟರಿನ ಎರಡು ಪ್ಯಾಡ್‌ಗಳ ಮೇಲೇ ಅಳೆಯಬೇಕು.

ಈಗ ಪಂಪ್ ಓಡುವಾಗಲೂ ಓದು 1 ಹೆಜ್ಜೆಯ ಒಳಗಿದೆ, ರೀಸೆಟ್ ಇಲ್ಲ. ಇನ್ನುಳಿದದ್ದು 1.1 ವೋಲ್ಟಿನ ಒಳ ರೆಫರೆನ್ಸಿಗೆ ಬದಲಾಯಿಸುವುದು. ಆಗ ಹೆಜ್ಜೆ 1.07 ಮಿಲಿವೋಲ್ಟಿಗೆ ಇಳಿಯುತ್ತದೆ. ಆದರೆ ಈ ರೆಫರೆನ್ಸ್ ಚಿಪ್‌ನಿಂದ ಚಿಪ್‌ಗೆ 1.0ರಿಂದ 1.2 ವೋಲ್ಟ್ ನಡುವೆ ಎಲ್ಲಾದರೂ ಇರಬಹುದು. ಪ್ರತಿ ಬೋರ್ಡಿನದ್ದನ್ನೂ ಎರೆಫ್ ಕಾಲಿನಲ್ಲಿ ಅಳೆದು ಇಇಪ್ರಾಮ್‌ಗೆ (ಪವರ್ ಹೋದರೂ ಉಳಿಯುವ ಮೆಮೊರಿ) ಬರೆಯಬೇಕು.