ತಿಥಿ ಯಾವತ್ತು?

16 ಅಕ್ಟೋಬರ್ 2024, ಬುಧವಾರ

ನಿನ್ನೆಯಿಂದ ಮಳೆ ಬಿಟ್ಟಿಲ್ಲ. ಬಟ್ಟೆ ಒಣಗಿಲ್ಲ, ಮನಸ್ಸೂ ಹಾಗೇ ಇದೆ. ಮಧ್ಯಾಹ್ನ ಸುಮ್ನೆ ಏನೋ ಹುಡುಕ್ತಾ ಹೋಗಿ ಅಲಾಸ್ಕಾದಲ್ಲಿ ಸಿಕ್ಕಿಹಾಕಿಕೊಂಡೆ.

1972ರಲ್ಲಿ ಇದೇ ದಿನ ಆಂಕರೇಜ್‌ನಿಂದ ಜುನೋಗೆ ಸೆಸ್ನಾ 310 ಅನ್ನೋ ಒಂದು ಪುಟ್ಟ ವಿಮಾನ ಹೊರಟಿತ್ತು. ತಲುಪಲೇ ಇಲ್ಲ. ಒಳಗಿದ್ದವರು ನಾಲ್ಕೇ ಜನ. ಅಲ್ಲಿನ ಸಂಸದ ನಿಕ್ ಬೆಗಿಚ್, ಅವರ ಪ್ರಚಾರಕ್ಕೆ ಅಂತ ಬಂದಿದ್ದ ಲೂಸಿಯಾನಾದ ಹೇಲ್ ಬಾಗ್ಸ್, ಒಬ್ಬ ಸಹಾಯಕ, ಪೈಲಟ್. ಬಾಗ್ಸ್ ಸಾಮಾನ್ಯದವರಲ್ಲ, ಅಮೆರಿಕದ ಕೆಳಮನೆಯಲ್ಲಿ ಬಹುಮತದ ಪಕ್ಷದ ನಾಯಕ. 39 ದಿನ ಹುಡುಕಿದರಂತೆ. ನಾಲ್ಕು ಕರ್ನಾಟಕಕ್ಕಿಂತ ಜಾಸ್ತಿ ಜಾಗ! ತಗಡಿನ ಚೂರೂ ಸಿಗಲಿಲ್ಲ. ಇವತ್ತಿಗೂ.

ಸಂಜೆ ಅಮ್ಮ ಫೋನ್ ಮಾಡಿದಾಗ ಇದನ್ನೇ ಹೇಳಿದೆ. ಅಪಾಯದಲ್ಲಿ ಸಿಗ್ನಲ್ ಕೊಡೋ ಪೆಟ್ಟಿಗೆ ಫೇರ್‌ಬ್ಯಾಂಕ್ಸ್‌ನಲ್ಲಿ, ಬೇರೆ ವಿಮಾನದಲ್ಲಿ ಸಿಕ್ಕಿತಂತೆ ಅಂದೆ.

"ಅಯ್ಯೋ, ಕೊಡೆ ಮನೇಲೇ ಬಿಟ್ಟು ಹೋದಂಗಾಯ್ತಲ್ಲೇ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಮತ್ತೆ ತಿಥಿ ಯಾವತ್ತು ಮಾಡ್ತಾರೆ?"

ನಗು ಬಂತು. ಅವರಿಗೆಲ್ಲಿ ತಿಥಿ ಅಮ್ಮಾ ಅಂದೆ.

"ಯಾರಿಗಾದ್ರೂ ಒಂದು ದಿನ ಬೇಕಲ್ವಾ. ದಿನ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆ ಇದೆ. ಮಾವನಿಗೂ ಅವತ್ತೇ ಎಲೆ ಹಾಕಿದ್ದು."

ನಗು ನಿಂತಿತು. ಮಾವನ ವಿಷಯ ಅಮ್ಮ ತಾನಾಗಿ ಎತ್ತೋದೇ ಇಲ್ಲ. ನಾನು ಹುಟ್ಟೋ ಮುಂಚೆ ಅಡಿಕೆ ದುಡ್ಡು ತರ್ತೀನಿ ಅಂತ ಶಿವಮೊಗ್ಗ ಬಸ್ಸು ಹತ್ತಿದವರು. ಅಷ್ಟೇ.

ಮಾತು ತಿರುಗಿಸೋಣ ಅಂತ ಚುನಾವಣೆ ಕಥೆ ಹೇಳಿದೆ. ವಿಮಾನ ಹೋಗಿ ಮೂರು ವಾರಕ್ಕೆ ಮತದಾನ. ಹುಡುಕಾಟ ಇನ್ನೂ ನಡೀತಾನೇ ಇತ್ತು. ಇಬ್ಬರೂ ಗೆದ್ದರು! ಬಾಗ್ಸ್‌ಗೆ ಎದುರಾಳಿಯೇ ಇರಲಿಲ್ಲ, ಆದರೆ ಬೆಗಿಚ್‌ಗೆ ಜನ ನಿಜವಾಗಿ ಓಟು ಹಾಕಿದ್ದು. ಡಿಸೆಂಬರ್ ಕೊನೆಗೆ ಬೆಗಿಚ್ ತೀರಿಕೊಂಡರು ಅಂತ ಕೋರ್ಟಿನಲ್ಲಿ ತೀರ್ಮಾನವಾಯಿತು. ಆಮೇಲೆ ಬಾಗ್ಸ್ ಸೀಟಿಗೆ ಅವರ ಹೆಂಡತಿಯೇ ನಿಂತು ಗೆದ್ದರು.

ಅಮ್ಮ ಪಾತ್ರೆ ತೊಳೀತಿದ್ದ ಸದ್ದು ನಿಂತಿತ್ತು.

"ನಮ್ಮನೇಗೂ ಓಟಿನ ಪಟ್ಟಿಯವರು ಬಂದಿದ್ರು. ಮಾವನ ಹೆಸರು ತೆಗೀಬೇಕು ಅಂತ. ಅಜ್ಜಿ ಜಗಲಿ ಹತ್ತೋಕೂ ಬಿಡ್ಲಿಲ್ಲ. ಹೆಣ ನೋಡಿದೀರಾ ನೀವು, ಅಂದ್ರು."

ಈಗಲೂ ಇದೆಯಾ ಹೆಸರು ಅಂತ ಕೇಳಿದೆ.

ಹಾಲು ಉಕ್ಕಿತು ಕಣೇ ಅಂತ ಫೋನ್ ಇಟ್ಟಳು. ಈ ಹೊತ್ತಿಗೆ ಅವಳು ಹಾಲು ಕಾಯಿಸೋದೇ ಇಲ್ಲ.