ಬಡಗಿಯ ಕಣ್ಣಿನಲ್ಲಿ ಗ್ಯಾಂಬಲ್ ಹೌಸ್

ತೀರ್ಥಹಳ್ಳಿಯ ಸುತ್ತಮುತ್ತ ಆಯುಷ್ಯವೆಲ್ಲ ಬಡಗಿ ಕೆಲಸ ಮಾಡಿದ ಅಪ್ಪನಿಗೆ ಹಾಲಿವುಡ್ಡೂ ರುಚಿಸಲಿಲ್ಲ, ಸಮುದ್ರತೀರವೂ ರುಚಿಸಲಿಲ್ಲ. ಯಾವ ಊರಿಗೆ ಹೋದರೂ ಅವರು ಮೊದಲು ನೋಡುವುದು ಬಾಗಿಲುಗಳನ್ನು. ಅದಕ್ಕೇ ಅವರನ್ನು ಲಾಸ್ ಏಂಜಲೀಸ್ ಪಕ್ಕದ ಪ್ಯಾಸಡೀನಾಕ್ಕೆ, ಗ್ಯಾಂಬಲ್ ಹೌಸ್ ತೋರಿಸಲು ಕರೆದೊಯ್ದೆ.

ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸೋಪು ಕಂಪನಿಯ ಮನೆತನದ ಡೇವಿಡ್ ಮತ್ತು ಮೇರಿ ಗ್ಯಾಂಬಲ್ ದಂಪತಿ ಸಿನ್ಸಿನಾಟಿಯ ಚಳಿಗಾಲ ತಪ್ಪಿಸಿಕೊಳ್ಳಲು ಕಟ್ಟಿಸಿದ ಮನೆ ಇದು. ಕೆಲಸ ಶುರುವಾದದ್ದು 1908ರಲ್ಲಿ. ವಿನ್ಯಾಸ ಚಾರ್ಲ್ಸ್ ಮತ್ತು ಹೆನ್ರಿ ಗ್ರೀನ್ ಸಹೋದರರದು. ಈ ಅಣ್ಣತಮ್ಮಂದಿರು ವಾಸ್ತುಶಿಲ್ಪ ಓದುವ ಮೊದಲೇ, ಹುಡುಗರಾಗಿದ್ದಾಗ, ಸೇಂಟ್ ಲೂಯಿಸ್‌ನ ಶಾಲೆಯೊಂದರಲ್ಲಿ ಮರಗೆಲಸ ಕಲಿತವರು. ಇಷ್ಟು ಹೇಳಿದ್ದೇ ತಡ, ಅಪ್ಪನ ಮುಖ ಅರಳಿತು. ‘ಹಾಗಾದರೆ ನೋಡೋಣ’ ಎಂದರು.

ಮುಂಬಾಗಿಲಿನ ಬಣ್ಣದ ಗಾಜಿನಲ್ಲಿ ಓಕ್ ಮರವೊಂದು ರೆಂಬೆ ಚಾಚಿದೆ. ಒಳಗೆ ನಿಂತು ನೋಡಿದರೆ ಬಿಸಿಲು ಎಲೆಗಳ ಮೂಲಕವೇ ಇಳಿದು ಬರುವಂತಿದೆ. ಎಲ್ಲರೂ ಗಾಜು ನೋಡುತ್ತಿದ್ದರೆ ಅಪ್ಪ ಕೈಗಳನ್ನು ಹಿಂದೆ ಕಟ್ಟಿಕೊಂಡು ಗೋಡೆಯತ್ತ ಬಾಗಿದ್ದರು. ‘ಸಾಗುವಾನಿ’ ಎಂದರು. ಹೌದು, ಬರ್ಮಾದ ತೇಗ. ಸರಳತೆಯನ್ನೂ ಕೈಗೆಲಸವನ್ನೂ ಎತ್ತಿಹಿಡಿದ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಚಳವಳಿಯ ಮಾದರಿ ಮನೆ ಎಂದು ಇದನ್ನು ಹೊಗಳುತ್ತಾರೆ. ಸಾಗರದಾಚೆಯಿಂದ ತರಿಸಿದ ತೇಗದಲ್ಲಿ ಎಂಥ ಸರಳತೆಯೋ!

ಮೆಟ್ಟಿಲ ಬಳಿ ಅಪ್ಪ ಹೆಚ್ಚು ಹೊತ್ತು ನಿಂತರು. ಹಲಗೆಗಳು ಸೇರುವ ಮೂಲೆಯಲ್ಲಿ ಒಂದರ ಹಲ್ಲು ಇನ್ನೊಂದರೊಳಗೆ ಕೂತಿದೆ. ನಮ್ಮಲ್ಲಿ ಸಂದು ಕಾಣದಂತೆ ಉಜ್ಜಿ ನಯ ಮಾಡುತ್ತೇವೆ. ಇಲ್ಲಿ ಹಲ್ಲುಗಳ ತುದಿಯನ್ನು ತುಸು ಹೊರಗೇ ಬಿಟ್ಟು, ಅಂಚನ್ನು ದುಂಡಗೆ ಮಾಡಿದ್ದಾರೆ. ಕಟಾಂಜನವಂತೂ ಮೆಟ್ಟಿಲುಗಳ ಜೊತೆ ತಾನೂ ಹಂತ ಹಂತವಾಗಿ ಏರುತ್ತದೆ. ಅಲ್ಲಲ್ಲಿ ಕರಿಮರದ ಪುಟ್ಟ ಚೌಕ ಬೆಣೆಗಳು.

‘ಈ ಬೆಣೆ ಬರೀ ತೋರಿಕೆಗೆ. ಅಡಿಯಲ್ಲಿ ಸ್ಕ್ರೂ ಇರಬೇಕು, ಕೇಳು’ ಎಂದರು ಅಪ್ಪ. ಕೇಳಿದೆ. ಅನೇಕ ಕಡೆ ಇದೆ ಎಂದು ಮಾರ್ಗದರ್ಶಿ ಮಹಿಳೆ ನಕ್ಕರು. ಅಪ್ಪನಿಗೆ ಬೇಸರವಾಗಲಿಲ್ಲ. ಸ್ಕ್ರೂ ಮುಚ್ಚಲು ಇಷ್ಟು ಶ್ರಮಪಟ್ಟವನ ಹೆಸರೇನು ಎಂದು ಕೇಳಿದರು. ಪೀಟರ್ ಮತ್ತು ಜಾನ್ ಹಾಲ್, ಸ್ವೀಡನ್‌ನಿಂದ ಬಂದ ಸಹೋದರರು. ಪುಸ್ತಕಗಳ ಮುಖಪುಟದಲ್ಲಿ ಗ್ರೀನ್ ಹೆಸರಿರುತ್ತದೆ, ಹಾಲ್ ಹೆಸರು ಒಳಪುಟದಲ್ಲೆಲ್ಲೋ. ಬಡಗಿಗಳ ಹಣೆಬರಹ ಎಲ್ಲೂ ಒಂದೇ ಅನ್ನಿಸಿತು.

ಈ ಮನೆಯನ್ನು ಒಮ್ಮೆ ಮಾರಲು ಹೊರಟಿದ್ದರಂತೆ. ಒಳಗಿನ ಮರಗೆಲಸಕ್ಕೆಲ್ಲ ಬಿಳಿ ಬಣ್ಣ ಬಳಿಯುವ ಮಾತನ್ನು ಕೊಳ್ಳಲು ಬಂದವರ ಬಾಯಲ್ಲಿ ಕೇಳಿದ ಕುಟುಂಬದವರು ಮಾರಾಟದ ಯೋಚನೆಯನ್ನೇ ಕೈಬಿಟ್ಟರು. 1966ರಲ್ಲಿ ಮನೆ ಪ್ಯಾಸಡೀನಾ ನಗರದ ಪಾಲಾಯಿತು. ಇದನ್ನು ಕನ್ನಡದಲ್ಲಿ ಹೇಳಿದಾಗ ಅಪ್ಪ, ‘ತೇಗಕ್ಕೆ ಬಿಳಿ ಬಣ್ಣವೇ?’ ಎಂದು ಎಷ್ಟು ಜೋರಾಗಿ ಕೇಳಿದರೆಂದರೆ ಗುಂಪೆಲ್ಲ ತಿರುಗಿ ನೋಡಿತು.

ಮಹಡಿಯಲ್ಲಿ ಕೋಣೆಗಳಿಗೆ ಅಂಟಿಕೊಂಡಂತೆ ತೆರೆದ ಜಗಲಿಗಳಿವೆ, ಬಯಲು ಗಾಳಿಯಲ್ಲಿ ಮಲಗುವುದಕ್ಕೆಂದೇ ಮಾಡಿದವು. ತಂಗಾಳಿ ಆರೋಗ್ಯಕ್ಕೆ ಒಳ್ಳೆಯದೆಂಬ ನಂಬಿಕೆ ಆಗ ಬಲವಾಗಿತ್ತು.

ಅಪ್ಪ ತಕರಾರು ತೆಗೆದದ್ದು ಹೊರಗೆ ಬಂದ ಮೇಲೆ. ಚಾವಣಿಯ ಪಕಾಸಿಗಳ ತುದಿ ಸೂರನ್ನೂ ದಾಟಿ ಆಚೆ ಚಾಚಿಕೊಂಡಿದೆ. ‘ಇದು ತಪ್ಪು. ನಮ್ಮೂರಲ್ಲಾದರೆ ಎರಡು ಮಳೆಗಾಲಕ್ಕೆ ಲಡ್ಡು ಹಿಡಿಯುತ್ತದೆ.’ ಮಾರ್ಗದರ್ಶಿಗೆ ತಿಳಿಸಿದೆ. ಕ್ಯಾಲಿಫೋರ್ನಿಯಾದ ಬಿಸಿಲು ಮಳೆಗೂ ಆ ತುದಿಗಳು ಕುಂಬಾಗಿದ್ದವು. 2003-04ರ ದುರಸ್ತಿಯಲ್ಲಿ ಎಪಾಕ್ಸಿ ತುಂಬಿ ಅವನ್ನು ಗಟ್ಟಿ ಮಾಡಬೇಕಾಯಿತು.

‘ಆಗಲೇ ಒಂದೊಂದಕ್ಕೂ ತಗಡಿನ ಟೋಪಿ ಹಾಕಿದ್ದರೆ ಮುಗಿಯುತ್ತಿತ್ತು’ ಎಂದರು ಅಪ್ಪ. ನಾನು ಗ್ರೀನ್ ಸಹೋದರರ ಪಕ್ಷ ವಹಿಸಿದೆ. ಆ ತುದಿಗಳ ನೆರಳು ಗೋಡೆಯ ಮರದ ಹಲಗೆಗಳ ಮೇಲೆ ಬೀಳುವ ಅಂದಕ್ಕಾಗಿ ನೂರು ವರ್ಷಕ್ಕೊಮ್ಮೆ ರಿಪೇರಿ ಮಾಡಿಸಿದರೆ ನಷ್ಟವೇನಿಲ್ಲ ಎಂದೆ. ‘ರಿಪೇರಿಗೆ ಏಣಿ ಹತ್ತುವವನು ನೀನಲ್ಲವಲ್ಲ’ ಎಂದರು. ಕಾರಿನವರೆಗೂ ಇದೇ ವಾದ ನಡೆಯಿತು.