ಸ್ಕೋರ್ 17 ಬಂದಿದೆ, ಮಗುವಿಗೆ ತೊಂದರೆ ಇದೆ ಅಂತ ತಾನೆ?

ಶಾಲೆಯ ಟೀಚರುಗಳು, ಅಪ್ಪ ಅಮ್ಮಂದಿರು, ಸಮಾಜಕಾರ್ಯ ಓದುವ ಹುಡುಗ ಹುಡುಗಿಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮಕ್ಕಳ ಮಾನಸಿಕ ಆರೋಗ್ಯದ ಪ್ರಶ್ನಾವಳಿಯೊಂದನ್ನು ಕನ್ನಡದಲ್ಲಿ ಓದಿ ತುಂಬಿಸಿರುತ್ತಾರೆ. ಒಂದು ಮಗುವಿಗೆ 17 ಅಂಕ ಬಂದಿರುತ್ತದೆ. 17 ಮತ್ತು ಅದಕ್ಕಿಂತ ಹೆಚ್ಚು ಬಂದರೆ ‘ಅಸಹಜ’ ಎಂದು ಅಂಕ ಹಾಕುವ ಹಾಳೆಯಲ್ಲೇ ಬರೆದಿದೆ. ಇನ್ನು ಅನುಮಾನವೇನು ಎನ್ನುತ್ತಾರೆ.

ಅನುಮಾನ ಇದೆ. ಆ 17 ನಮ್ಮ ಊರಿನ ಮಕ್ಕಳನ್ನು ನೋಡಿ ಇಟ್ಟ ಅಂಕವಲ್ಲ.

ಪ್ರಶ್ನಾವಳಿಯ ಹೆಸರು ಎಸ್‌ಡಿಕ್ಯೂ, ಅಂದರೆ ಮಗುವಿನ ಬಲ ಮತ್ತು ತೊಂದರೆಗಳ ಪ್ರಶ್ನಾವಳಿ. ಲಂಡನ್ನಿನ ಮಕ್ಕಳ ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ್ದು. ಒಟ್ಟು 25 ವಾಕ್ಯಗಳು. ಪ್ರತಿಯೊಂದಕ್ಕೂ ‘ನಿಜವಲ್ಲ’, ‘ಸ್ವಲ್ಪ ನಿಜ’, ‘ಖಂಡಿತ ನಿಜ’ ಎಂಬ ಮೂರರಲ್ಲಿ ಒಂದನ್ನು ಗುರುತು ಹಾಕಬೇಕು. ಮಗುವಿನ ಒಳ್ಳೆಯ ನಡವಳಿಕೆಯ ಐದು ವಾಕ್ಯಗಳನ್ನು ಬದಿಗಿಟ್ಟು, ಉಳಿದ 20ನ್ನು ಕೂಡಿದರೆ ಸೊನ್ನೆಯಿಂದ 40ರ ತನಕ ಅಂಕ ಬರುತ್ತದೆ. ಚಿಕ್ಕದು, ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಹಾಗಾಗಿಯೇ ಜಗತ್ತಿನ ಹತ್ತಾರು ಭಾಷೆಗಳಿಗೆ ಹೋಗಿದೆ. ತಂದೆ ತಾಯಿ ತುಂಬುವ ಹಾಳೆಯಲ್ಲಿ 17ಕ್ಕೆ ಗೆರೆ ಎಳೆದದ್ದು ಹೇಗೆಂದರೆ, ಬ್ರಿಟನ್ನಿನ 100 ಮಕ್ಕಳನ್ನು ತೆಗೆದುಕೊಂಡರೆ ಸುಮಾರು 10 ಮಕ್ಕಳು ಆ ಗೆರೆಯ ಮೇಲಿರಬೇಕು, ಇನ್ನು 10 ಮಕ್ಕಳು ಅಂಚಿನಲ್ಲಿರಬೇಕು, 80 ಮಕ್ಕಳು ಕೆಳಗಿರಬೇಕು, ಅಂತ ಲೆಕ್ಕ ಹಾಕಿ. ಥರ್ಮಾಮೀಟರಿನ ಅಂಕ ಲಂಡನ್ನಿನಲ್ಲೂ ಲಿಂಗಸುಗೂರಿನಲ್ಲೂ ಒಂದೇ ಅರ್ಥ ಕೊಡುತ್ತದೆ. ಈ ಅಂಕ ಹಾಗಲ್ಲ. ಒಂದು ದೇಶದ ತಂದೆ ತಾಯಂದಿರು ತಮ್ಮ ಮಕ್ಕಳ ಬಗ್ಗೆ ಕೊಟ್ಟ ಉತ್ತರಗಳು ಹೇಗೆ ಹರಡಿಕೊಂಡಿದ್ದವು ಎನ್ನುವುದರ ಮೇಲೆ ಅದು ನಿಂತಿದೆ.

ಇಲ್ಲಿ ಮುಖ್ಯವಾದ ಮಾತು ‘ತಂದೆ ತಾಯಂದಿರು ಕೊಟ್ಟ ಉತ್ತರ’ ಎಂಬುದು. ಹಾಳೆಯಲ್ಲಿ ಕಾಣುವುದು ಮಗು ಮಾತ್ರವಲ್ಲ, ಮಗುವನ್ನು ನೋಡುತ್ತಿರುವ ದೊಡ್ಡವರೂ ಅಲ್ಲಿದ್ದಾರೆ. ಅವರು ಎಷ್ಟನ್ನು ಸಹಿಸುತ್ತಾರೆ, ಯಾವುದಕ್ಕೆ ಗಾಬರಿ ಬೀಳುತ್ತಾರೆ, ಯಾವುದನ್ನು ‘ಮಕ್ಕಳು ಅಂದಮೇಲೆ ಹಾಗೇ’ ಎಂದು ಬಿಟ್ಟುಬಿಡುತ್ತಾರೆ ಎಂಬುದೆಲ್ಲ ಅಂಕದೊಳಗೆ ಸೇರಿಕೊಳ್ಳುತ್ತದೆ.

ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವೈಸ್ ಮತ್ತು ಅವರ ಥಾಯ್ಲೆಂಡಿನ ಜೊತೆಗಾರರು 1995ರಲ್ಲಿ ಪ್ರಕಟಿಸಿದ ಅಧ್ಯಯನ. ಎರಡೂ ದೇಶಗಳ ಶಾಲೆಗಳಲ್ಲಿ ಟೀಚರುಗಳಿಗೆ ಪ್ರಶ್ನಾವಳಿ ಕೊಟ್ಟರು. ಜೊತೆಗೆ, ತರಬೇತಿ ಪಡೆದ ವೀಕ್ಷಕರನ್ನು ತರಗತಿಯಲ್ಲಿ ಕೂರಿಸಿ ಅದೇ ಮಕ್ಕಳನ್ನು ನೇರವಾಗಿ ಗಮನಿಸಿದರು. ಟೀಚರುಗಳ ಉತ್ತರದ ಪ್ರಕಾರ ಥಾಯ್ ಮಕ್ಕಳಲ್ಲೇ ತೊಂದರೆ ಹೆಚ್ಚು. ವೀಕ್ಷಕರ ಪ್ರಕಾರ ಅಮೆರಿಕದ ಮಕ್ಕಳಲ್ಲಿ ಗಲಾಟೆ, ಗಮನ ತಪ್ಪುವಿಕೆ ಸುಮಾರು ಎರಡು ಪಟ್ಟು ಹೆಚ್ಚು. ಶಾಂತವಾಗಿ ಕೂರುವುದನ್ನೇ ನಿರೀಕ್ಷಿಸುವ ಕಡೆ ಒಂದು ಸಣ್ಣ ಕದಲಿಕೆಯೂ ಟೀಚರ್ ಕಣ್ಣಿಗೆ ದೊಡ್ಡದಾಗಿ ಬೀಳುತ್ತದೆ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಇದಕ್ಕಿಂತ ದೊಡ್ಡ ಪಾಠ ಕೊಟ್ಟ ಅಧ್ಯಯನ ಇನ್ನೊಂದಿಲ್ಲ.

2012ರಲ್ಲಿ ಇನ್ನೊಂದು ಅಧ್ಯಯನ ಬಂತು. ಬ್ರಿಟನ್, ನಾರ್ವೆ, ರಷ್ಯಾ, ಬ್ರೆಜಿಲ್, ಭಾರತ, ಬಾಂಗ್ಲಾದೇಶ, ಯೆಮೆನ್ ಎಂಬ ಏಳು ದೇಶಗಳ ಎಸ್‌ಡಿಕ್ಯೂ ಅಂಕಗಳನ್ನು, ಅಲ್ಲಿ ವಿವರವಾದ ಸಂದರ್ಶನದಿಂದ ಪತ್ತೆಯಾದ ಕಾಯಿಲೆಯ ಪ್ರಮಾಣದ ಪಕ್ಕದಲ್ಲಿಟ್ಟು ನೋಡಿದರು. ಎರಡೂ ಒಟ್ಟೊಟ್ಟಿಗೆ ಸಾಗಲಿಲ್ಲ. ಅಂಕ ಹೆಚ್ಚಿದ್ದ ದೇಶದಲ್ಲಿ ಕಾಯಿಲೆಯೂ ಹೆಚ್ಚಿದೆ ಎಂದು ಹೇಳಲು ಬರಲಿಲ್ಲ. ಒಂದೇ ಊರಿನೊಳಗೆ ಈ ಮಗುವಿಗೂ ಆ ಮಗುವಿಗೂ ಹೋಲಿಸಲು ಅಂಕ ನೆರವಾಗಬಹುದು. ದೇಶ ದೇಶಗಳ ಹೋಲಿಕೆಗೆ ಇಳಿದರೆ ಕೈಕೊಡುತ್ತದೆ.

ಬೆಂಗಳೂರಿನದೇ ಲೆಕ್ಕ ಬೇಕೇ? ನಿಮ್ಹಾನ್ಸಿನ ವೈದ್ಯರು ನಗರದ ಮಧ್ಯಮ ವರ್ಗದ ಬಡಾವಣೆ, ಕೊಳೆಗೇರಿ, ಹಳ್ಳಿ ಮೂರರಲ್ಲೂ ಸೇರಿ 2064 ಮಕ್ಕಳನ್ನು ನೋಡಿ 2005ರಲ್ಲಿ ವರದಿ ಪ್ರಕಟಿಸಿದರು. ಶೇ. 12.5ರಷ್ಟು ಮಕ್ಕಳಲ್ಲಿ ಮಾನಸಿಕ ತೊಂದರೆ ಕಂಡಿತು. ಆದರೆ ಅಂಥ ಮಕ್ಕಳ ಮನೆಯವರಲ್ಲೂ ಮಗುವಿಗೆ ಏನೋ ತೊಂದರೆಯಿದೆ ಎಂದು ಅನ್ನಿಸಿದ್ದು ಶೇ. 37.5ರಷ್ಟು ಜನರಿಗೆ ಮಾತ್ರ. ತೊಂದರೆಯ ಪ್ರಮಾಣ ಅತಿ ಹೆಚ್ಚು ಇದ್ದದ್ದು ಮಧ್ಯಮ ವರ್ಗದಲ್ಲಿ, ಅತಿ ಕಡಿಮೆ ಇದ್ದದ್ದು ಕೊಳೆಗೇರಿಯಲ್ಲಿ. ಕೊಳೆಗೇರಿಯ ಮಕ್ಕಳ ಬದುಕು ನಿಜಕ್ಕೂ ಅಷ್ಟು ಹಗುರವೇ, ಅಥವಾ ದಿನದ ಕೂಲಿ ನೀರು ಅಂತ ಓಡಾಡುವ ತಾಯಿಗೆ ಮಗನ ಮಂಕುತನ ಹೇಳಿಕೊಳ್ಳುವಂಥ ಸಂಗತಿ ಅನ್ನಿಸುವುದೇ ಇಲ್ಲವೇ? ಇದು ನನ್ನ ಅನುಮಾನ, ವರದಿಯ ಮಾತಲ್ಲ.

ಎಸ್‌ಡಿಕ್ಯೂ ಪ್ರಶ್ನೆಗಳ ಒಳಗೂ ಹೀಗೇ. ‘ಬೇರೆ ಮಕ್ಕಳ ಜೊತೆಗಿಂತ ದೊಡ್ಡವರ ಜೊತೆ ಚೆನ್ನಾಗಿ ಹೊಂದಿಕೊಳ್ಳುತ್ತದೆ’ ಎಂಬುದಕ್ಕೆ ಹೌದು ಎಂದರೆ ಅದು ಗೆಳೆತನದ ತೊಂದರೆಯ ಲೆಕ್ಕಕ್ಕೆ ಹೋಗುತ್ತದೆ. ಅಜ್ಜಿಯ ಮಗ್ಗುಲಲ್ಲೇ ಬೆಳೆದ, ಅಜ್ಜನ ಜೊತೆ ತೋಟಕ್ಕೆ ಹೋಗುವ ಹುಡುಗನ ತಾಯಿ ಅದಕ್ಕೆ ಹೆಮ್ಮೆಯಿಂದ ‘ಖಂಡಿತ ನಿಜ’ ಎನ್ನುತ್ತಾಳೆ, ಮಗನಿಗೆ ಎರಡು ಅಂಕ ಬೀಳುತ್ತದೆ. ‘ಸಾಮಾನ್ಯವಾಗಿ ದೊಡ್ಡವರು ಹೇಳಿದ್ದು ಕೇಳುತ್ತದೆ’ ಎಂಬ ವಾಕ್ಯಕ್ಕೆ, ಹೇಳಿದ ತಕ್ಷಣ ಏಳಬೇಕು ಎಂಬ ಮನೆಯಲ್ಲಿ ‘ನಿಜವಲ್ಲ’ ಬರುತ್ತದೆ, ಅಲ್ಲೂ ಅಂಕ ಏರುತ್ತದೆ. ಹಾಳೆ ‘ಕಳೆದ ಆರು ತಿಂಗಳಲ್ಲಿ’ ಎಂದರೆ ಯಾರಿಗೂ ಅಂದಾಜು ಸಿಗುವುದಿಲ್ಲ, ‘ದಸರಾ ರಜೆಯಿಂದೀಚೆಗೆ’ ಎಂದರೆ ಸಿಗುತ್ತದೆ. ಓದಲು ಬಾರದ ತಾಯಿಗೆ ಜಗಲಿಯಲ್ಲಿ ಕೂತು ಓದಿ ಹೇಳುವಾಗ ಅತ್ತೆ ಪಕ್ಕದಲ್ಲೇ ಇದ್ದರೆ ಬರುವ ಉತ್ತರವೇ ಬೇರೆ. ಇನ್ನು 11 ದಾಟಿದ ಮಕ್ಕಳು ತಾವೇ ತುಂಬುವಾಗ ಅದನ್ನು ಪರೀಕ್ಷೆ ಎಂದುಕೊಂಡು, ಸರಿಯುತ್ತರ ಯಾವುದು ಎಂದು ಪಕ್ಕದವರ ಹಾಳೆ ಇಣುಕುತ್ತಾರೆ.

ಹಾಗಾದರೆ ಇಂಥ ಪ್ರಶ್ನಾವಳಿಯನ್ನು ನಮ್ಮ ಊರಿಗೆ ಹೊಂದಿಸುವುದು ಹೇಗೆ? ಇಬ್ಬರು ಬೇರೆ ಬೇರೆಯಾಗಿ ಅನುವಾದಿಸುವುದು, ಮೂಲ ನೋಡದವರಿಂದ ಇಂಗ್ಲಿಷಿಗೆ ತಿರುಗಿಸಿ ತಾಳೆ ನೋಡುವುದು, ಇವು ಎಲ್ಲರಿಗೂ ಗೊತ್ತು. ನಿಜವಾದ ಕೆಲಸ ಆಮೇಲಿನದು. ತಾಯಂದಿರ ಎದುರು ಕೂತು, ‘ಈ ಪ್ರಶ್ನೆ ಕೇಳಿದಾಗ ನಿಮಗೆ ಮಗುವಿನ ಯಾವ ಸಂಗತಿ ನೆನಪಾಯಿತಮ್ಮ?’ ಎಂದು ಒಂದೊಂದಾಗಿ ಕೇಳಬೇಕು. ಕೊನೆಗೆ, ವೈದ್ಯರು ಪೂರ್ತಿ ಪರೀಕ್ಷೆ ಮಾಡಿದ ಮಕ್ಕಳ ಅಂಕಗಳನ್ನು ಮುಂದಿಟ್ಟುಕೊಂಡು, ನಮ್ಮ ಗೆರೆ ಎಲ್ಲಿ ಎಳೆದರೆ ತೊಂದರೆಯಿರುವ ಮಕ್ಕಳು ಕಡಿಮೆ ತಪ್ಪಿಹೋಗುತ್ತಾರೆ, ತೊಂದರೆಯಿಲ್ಲದವರು ಕಡಿಮೆ ಸಿಕ್ಕಿಬೀಳುತ್ತಾರೆ ಎಂದು ನೋಡಬೇಕು. ನಾನು ಕಂಡಂತೆ ದುಡ್ಡು, ಉತ್ಸಾಹ ಎರಡೂ ಅನುವಾದದ ಹೊತ್ತಿಗೇ ಮುಗಿದಿರುತ್ತವೆ. ಇದು ನನಗೆ ತುಂಬ ನೋವು ಕೊಡುವ ವಿಷಯ.

ಬೇರೆ ದಾರಿಗಳೂ ಇವೆ. ಚಂಡೀಗಢದ ಮನೋವೈದ್ಯೆ ಸವಿತಾ ಮಲ್ಹೋತ್ರಾ ಮತ್ತು ಜೊತೆಯವರು 1988ರಲ್ಲಿ, ಅಮೆರಿಕದ ಮನಶ್ಶಾಸ್ತ್ರಜ್ಞ ಆಚನ್‌ಬಾಕ್ ಮಾಡಿದ, ಮಕ್ಕಳ ನಡವಳಿಕೆಯ ಉದ್ದನೆಯ ಪಟ್ಟಿಯನ್ನು ಆಧರಿಸಿ, ಹೌದು ಅಲ್ಲ ಎಂದಷ್ಟೇ ಹೇಳಬೇಕಾದ 75 ಪ್ರಶ್ನೆಗಳ ಭಾರತೀಯ ಪ್ರಶ್ನಾವಳಿ ಮಾಡಿದರು. ಉತ್ತರ ಉಗಾಂಡಾದಲ್ಲಿ ಅಮೆರಿಕದ ಸಂಶೋಧಕಿ ಥೆರೇಸಾ ಬೆಟನ್‌ಕೋರ್ಟ್ ಮತ್ತು ತಂಡದವರು ಇನ್ನೂ ಮುಂದೆ ಹೋದರು. ಯುದ್ಧದಿಂದ ನೆಲೆ ಕಳೆದುಕೊಂಡು ಶಿಬಿರಗಳಲ್ಲಿದ್ದ ಅಚೋಲಿ ಜನರನ್ನು, ಮಕ್ಕಳಲ್ಲಿ ನೀವು ಕಾಣುವ ಸಂಕಟಗಳು ಯಾವುವು ಎಂದು ಮೊದಲು ಕೇಳಿ, ಅವರು ಹೆಸರಿಟ್ಟು ವಿವರಿಸಿದ್ದರಿಂದಲೇ ಪ್ರಶ್ನೆಗಳನ್ನು ಕಟ್ಟಿದರು. ಅಂಥದ್ದನ್ನು ಬೇರೆ ದೇಶದೊಂದಿಗೆ ಹೋಲಿಸುವುದು ಕಷ್ಟ. ಎದುರಿಗಿರುವ ಮಗುವಿಗೆ ನೆರವಾಗುವುದೇ ಗುರಿಯಾದರೆ ನಾನು ಅದನ್ನೇ ಆರಿಸಿಕೊಳ್ಳುತ್ತೇನೆ.

ಈಗ ನಿಮ್ಮ ಕೈಯಲ್ಲಿರುವ 17ಕ್ಕೆ ಬರೋಣ. ಅದನ್ನು ಬಿಸಾಡಬೇಡಿ, ರಿಜಿಸ್ಟರಿನಲ್ಲಿ ಮಗುವಿನ ಹೆಸರಿನ ಮುಂದೆಯೂ ಬರೆಯಬೇಡಿ. ಎಸ್‌ಡಿಕ್ಯೂ ಜೊತೆ ಇನ್ನೊಂದು ಹಾಳೆ ಬರುತ್ತದೆ: ಈ ತೊಂದರೆಯಿಂದ ಮಗು ಸಂಕಟಪಡುತ್ತಿದೆಯೇ, ಮನೆ, ಗೆಳೆತನ, ಪಾಠ, ಆಟಕ್ಕೆ ಅಡ್ಡಿಯಾಗಿದೆಯೇ ಎಂದು ಕೇಳುವುದು. ಹೆಚ್ಚಿನವರು ಅದನ್ನು ತುಂಬಿಸುವುದೇ ಇಲ್ಲ. ಮೊದಲು ಅದನ್ನು ಓದಿ. ಮನೆಯವರು ತುಂಬಿದ್ದರೆ ಟೀಚರಿಂದಲೂ, ಟೀಚರ್ ತುಂಬಿದ್ದರೆ ಮನೆಯವರಿಂದಲೂ ಕೇಳಿ. ಇಬ್ಬರ ಉತ್ತರ ಹೊಂದದಿದ್ದರೆ ಯಾರೋ ಸುಳ್ಳು ಹೇಳಿದರು ಎಂದಲ್ಲ, ಮಗು ಎರಡು ಕಡೆ ಎರಡು ಥರ ಇರಬಹುದು. ಅಂಕ 9 ಇದ್ದೂ ಮಗು ಊಟ ಬಿಟ್ಟಿದ್ದರೆ, ಮಾತು ಬಿಟ್ಟಿದ್ದರೆ, ಸಾಯುವ ಮಾತಾಡಿದರೆ ಅಂಕ ನೋಡುತ್ತ ಕೂರಬೇಡಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಕರೆದೊಯ್ಯಿರಿ. ಅಷ್ಟರೊಳಗೆ ಯಾರ ಜೊತೆಗಾದರೂ ಮಾತಾಡಬೇಕೆಂದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.